ನಾಲ್ಕನೆಯ ಹಿಡಿ

ಆದಮ್ಮ ಕೂತದ್ದನ್ನು ಕಂಡವರು ಜವಳಗೇರಾದಲ್ಲಿ ಯಾರೂ ಇರಲಿಲ್ಲ. ಆ ಊರಿನ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಪಾಠ ಹೇಳಿದೆ. ಕೂತಲ್ಲಿ ಕೂರದ ಮಕ್ಕಳನ್ನು ಕೂರಿಸುವುದೇ ನನ್ನ ಕಸುಬು. ಈ ಹೆಂಗಸನ್ನು ಮಾತ್ರ ಹತ್ತು ನಿಮಿಷ ಒಂದು ಚಾಪೆಯ ಮೇಲೆ ಕೂರಿಸಲು ನನ್ನಿಂದ ಆಗಲಿಲ್ಲ. ಮಾತಾಡುತ್ತ ಮಾತಾಡುತ್ತಲೇ ಎದ್ದು ಕಸಬರಿಗೆ ಹಿಡಿಯುತ್ತಿದ್ದಳು. ನನ್ನನ್ನು ನೋಡಲೆಂದು ಬಂದು, ನನ್ನ ಪಾತ್ರೆ ತಿಕ್ಕಿಟ್ಟು, ನಾನು ಚಹಾ ಸೋಸುವಷ್ಟರಲ್ಲಿ ಹೋಗಿಬಿಟ್ಟದ್ದೂ ಉಂಟು. ನಾನು ರೇಗಿದರೆ, "ಕುಂತ್ರ ಕಾಲು ಹಿಡೀತಾವ್ರಿ ಟೀಚರಮ್ಮ" ಎನ್ನುತ್ತಿದ್ದಳು.

ನೆಲ್ಲು ಹಚ್ಚುವ ಹಂಗಾಮಿನಲ್ಲಿ ಕಾಲುವೆ ಕೆಳಗಿನ ಗದ್ದೆಗಳಿಗೆ ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಹೋಗುವವಳು ಅವಳೇ. ಕೆಸರಿನಲ್ಲಿ ಬಗ್ಗಿ, ಸಸಿ ಊರುತ್ತ, ಹಿಂದೆ ಹಿಂದೆ ಸರಿಯುವ ಕೆಲಸ ಅದು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ತನ್ನ ಪಟ್ಟಿ ಮುಗಿಸಿದವಳು ಬದು ಹತ್ತಿ ಸೊಂಟ ನೆಟ್ಟಗೆ ಮಾಡಿಕೊಳ್ಳುವುದು ಲೋಕದ ರೂಢಿ. ಆದಮ್ಮ ಪಕ್ಕದವಳ ಪಟ್ಟಿಗೆ ಇಳಿಯುತ್ತಿದ್ದಳು. "ಇಕಿಗೆ ದೇವರು ಸೊಂಟ ಕೊಡೋದು ಮರ್ತಾನ" ಎಂದು ಗುಂಪಿನ ಪೀರ್‌ಬೀ ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಅದು ಕೆಲಸದ ಮೇಲಿನ ಪ್ರೀತಿಯಲ್ಲ, ಕೈ ಖಾಲಿ ಆದರೆ ನೆನಪು ಬರುತ್ತದೆಂಬ ಅಂಜಿಕೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಮ್ಮದು ಸಣ್ಣ ಸಭೆ. ಮೂವತ್ತು ಕ್ರೈಸ್ತ ಮನೆಗಳು, ತಗಡು ಹೊದಿಸಿದ ಒಂದು ಗುಡಿ, ಹಿಂದೊಂದು ಬೇವಿನ ಮರ. ಪಾದ್ರಿ ಅಯ್ಯನವರು ಸಿಂಧನೂರಿನಲ್ಲಿದ್ದು ನಾಲ್ಕು ಊರು ಸುತ್ತಬೇಕಾದ್ದರಿಂದ ಕರ್ತನ ಭೋಜನ ನಮಗೆ ತಿಂಗಳ ಮೊದಲ ಭಾನುವಾರ ಮಾತ್ರ. ಅಂದು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡ ಮೇಲೆ ಬೇವಿನ ಮರದ ಕೆಳಗೆ ಎಲ್ಲರಿಗೂ ಊಟ. ಆ ಊಟದ ಅಕ್ಕಿ ಬರುವುದು ಹಿಡಿ ಅಕ್ಕಿಯಿಂದ. ನಮ್ಮ ಹೆಂಗಸರು ದಿನಾ ಸಂಜೆ ಅನ್ನಕ್ಕೆ ಅಕ್ಕಿ ಅಳೆದಾಗ, ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಾರೆ. ಹಿಡಿ ಎಂದರೆ ಮುಷ್ಟಿ ತುಂಬ ಅಲ್ಲ, ಐದು ಬೆರಳು ಕೂಡಿಸಿದರೆ ಬರುವಷ್ಟು. ಬಡವರ ಹಿಡಿ. ಹಾಕುವಾಗ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿ ಅವರನ್ನು ದೇವರ ಕೈಗೆ ಒಪ್ಪಿಸಬೇಕು. ಮನೆಯಲ್ಲಿ ಐದು ಜನರಿದ್ದರೆ ಐದು ಹಿಡಿ.

ಆ ಭಾನುವಾರದ ಅನ್ನ ಮಾಡುವುದು ಇಪ್ಪತ್ತು ವರ್ಷದಿಂದ ಆದಮ್ಮನ ಪಾಲು. ಬೇರೆ ಯಾರನ್ನೂ ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಆರಾಧನೆ ನಡೆಯುವಾಗ ಬಾಗಿಲ ಹತ್ತಿರ ಚಾಪೆಯ ಅಂಚಿಗೆ ಕುಕ್ಕರಗಾಲಿನಲ್ಲಿರುತ್ತಿದ್ದಳು, ಹಾಡುತ್ತಿದ್ದಳು, ನಡುನಡುವೆ ಹೋಗಿ ಉರಿ ನೋಡಿ ಬರುತ್ತಿದ್ದಳು. ಅಯ್ಯನವರು ರೊಟ್ಟಿಯ ತಟ್ಟೆಯ ಮೇಲಿನ ಬಿಳಿ ವಸ್ತ್ರ ತೆಗೆದರೆಂದರೆ ಮುಗಿಯಿತು. "ಅನ್ನ ಸೀದೀತು" ಎಂದು ಗೊಣಗುತ್ತ ಎದ್ದು ಹೋದವಳ ಮುಖ ಮತ್ತೆ ಕಾಣುವುದು ಆಶೀರ್ವಾದ ಮುಗಿದು ಎಲ್ಲರೂ ಹೊರಗೆ ಬಂದ ಮೇಲೆಯೇ. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಸಲವೂ ಆ ರೊಟ್ಟಿ ಮುಟ್ಟಲಿಲ್ಲ. ಮೂರು ಜನ ಅಯ್ಯನವರು ಬಂದು ಹೋದರು, ಯಾರೂ ಅವಳನ್ನು ತಡೆದಿರಲಿಲ್ಲ. ತಡೆದುಕೊಂಡವಳು ಅವಳೇ. ಅಷ್ಟು ವರ್ಷದಲ್ಲಿ ಅನ್ನ ಒಮ್ಮೆಯೂ ಸೀದಿರಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಕಾರಣ ಊರಿಗೆಲ್ಲ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆವು. ಇಪ್ಪತ್ತಮೂರು ವರ್ಷದ ಹಿಂದೆ ಸುಗ್ಗಿಯಲ್ಲಿ ನೆಲ್ಲು ಕೊಯ್ಯುವ ಮಷೀನು ತಂದಿದ್ದ ಹೊರಗಿನ ಒಬ್ಬ ಡ್ರೈವರನ ಜತೆ ಆದಮ್ಮ ಹೋಗಿಬಿಟ್ಟಳು. ಗಂಡ ದಾನಿಯೇಲಪ್ಪ ಕುಡಿಯುವವನಲ್ಲ, ಹೊಡೆಯುವವನಲ್ಲ. ಎರಡೂವರೆ ವರ್ಷದ ಮಗಳು ಸುವಾರ್ತ ಅಂಗಳದಲ್ಲಿ ಆಡುತ್ತಿದ್ದಳು. ಯಾಕೆ ಹೋದಳು ಎಂದು ನನ್ನನ್ನು ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ. ಆ ಮನುಷ್ಯ ಎಂಟು ತಿಂಗಳಿಗೆ ಕೈಬಿಟ್ಟ. ಆಮೇಲೆ ನಾಚಿಕೆಯಿಂದ ಊರಿಗೆ ಬರಲಾಗದೆ ಎರಡು ವರ್ಷ ಗುಂಟೂರಿನ ಕಡೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕಳೆದಳು. ಒಂದು ಸಂಜೆ ವಾಪಸು ಬಂದಳು. ದಾನಿಯೇಲಪ್ಪ ಕೈಕಾಲಿಗೆ ನೀರು ತಂದಿಟ್ಟ. ಅತ್ತೆ ಜಂಬಮ್ಮ "ಉಂಡಿಯೇನು?" ಎಂದು ಕೇಳಿದಳು. ತಿಂಗಳಾದ ಮೇಲೆ ಆಗಿನ ಅಯ್ಯನವರು ಪ್ರಾರ್ಥನೆ ಮಾಡಿ ಅವಳನ್ನು ಸಭೆಗೆ ಸೇರಿಸಿಕೊಂಡರು. ಊರ ಬಾಯಿಗೆ ಮುಚ್ಚಳ ಇಲ್ಲ ಅನ್ನುತ್ತಾರೆ, ಆದರೆ ಊರ ಬಾಯಿಗೂ ಹೊಸ ಹೊಸ ಸುದ್ದಿ ಬೇಕಲ್ಲ. ಎರಡು ವರ್ಷದಲ್ಲಿ ಎಲ್ಲರೂ ಮರೆತರು. ಮರೆಯದವಳು ಇವಳೊಬ್ಬಳೇ.

ಹೋದ ಮಳೆಗಾಲದಲ್ಲಿ ನಾವಿಬ್ಬರೂ ಲಿಂಗಸುಗೂರಿಗೆ ಹೋಗಿದ್ದೆವು. ನನ್ನದು ತವರು ಅಲ್ಲಿ. ಅವಳ ಸುವಾರ್ತ ಅಲ್ಲೊಂದು ಆಸ್ಪತ್ರೆಯಲ್ಲಿ ನರ್ಸು. ತಿರುಗಿ ಬರುವಾಗ ಸಿಂಧನೂರಿನ ಬಸ್ಸಿನಲ್ಲಿ ಆದಮ್ಮ ಮೂರು ಸಲ ಸೀಟು ಬದಲಿಸಿದಳು. ಬಿಸಿಲು ಅಂದಳು, ಗಾಳಿ ಅಂದಳು, ಆಮೇಲೆ ಸುಮ್ಮನೆ ಎದ್ದು ನಿಂತಳು.

"ಕುಂಡ್ರು ಬೇ. ನಿನ್ನ ನೋಡಿ ನೋಡಿ ನನಗ ತಲಿ ತಿರಗಾಕತ್ತೈತಿ" ಎಂದೆ.

ಕೂತಳು. ಬಸ್ಸು ಸಂತೆಕಲ್ಲೂರು ದಾಟುತ್ತಿತ್ತು. ಅದು ಅವಳ ತವರು. ಕಿಟಕಿಯಿಂದ ಮುಖ ತಿರುಗಿಸಿಕೊಂಡು, ಯಾವ ಪೀಠಿಕೆಯೂ ಇಲ್ಲದೆ ಶುರು ಮಾಡಿದಳು.

"ಟೀಚರಮ್ಮ, ನಾ ವಾಪಸ್ ಬಂದ ದಿನ ಸೀದಾ ಒಳಗ ಹೋಗಲಿಲ್ರಿ. ಹಿತ್ತಲ ಬಾಗಿಲ ಸಂದ್ಯಾಗ ನಿಂತು ನೋಡಿದೆ. ಅತ್ತಿ ಅಕ್ಕಿ ಅಳ್ಯಾಕತ್ತಿದ್ಲು. ಹಿಡಿ ಅಕ್ಕಿ ಹಾಕಿದ್ಲು. ನಾಲ್ಕು."

"ಹಾಕ್ಲಿ. ಅದರಾಗೇನೈತಿ?"

"ಮನ್ಯಾಗ ಇದ್ದವರು ಮೂರೇ ಮಂದಿ ಅಲ್ಲೇನ್ರಿ? ಅತ್ತಿ, ನಮ್ಮವರು, ಸುವಾರ್ತ. ನಾಲ್ಕನೇದು ಯಾರದು?"

ನನಗೆ ತಟ್ಟನೆ ತಿಳಿಯಿತು. ನಿಮಗೂ ತಿಳಿದಿರಬೇಕು. ಅವಳಿಗೆ ತಿಳಿದದ್ದು ಬೇರೆ. ಅದೇ ದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತಗಿತ್ತಿ ಅವಳಿಗೆ ಹೇಳಿದ್ದಳಂತೆ, ನಿನ್ನ ಗಂಡನಿಗೆ ಸಾಲಗುಂದದಲ್ಲಿ ಹೆಣ್ಣು ನೋಡಿದ್ದಾರೆ, ಮಾತು ಆಗಿದೆ ಎಂದು. ನಾಲ್ಕನೆಯ ಹಿಡಿ ಆ ಹೆಣ್ಣಿನದು ಎಂದು ಆದಮ್ಮ ಬಾಗಿಲಲ್ಲಿ ನಿಂತೇ ತೀರ್ಮಾನ ಮಾಡಿದ್ದಳು.

"ಹುಚ್ಚಿ ಇದ್ದಿ. ಅದು ನಿಂದು" ಎಂದೆ.

"ಬಿಟ್ಟು ಓಡಿ ಹೋದಾಕಿದು ಯಾರರ ಹಾಕ್ತಾರೇನ್ರಿ? ಆತು, ನಾ ಬಂದ ಮ್ಯಾಲ ಐದು ಆಗಬೇಕಿತ್ತಲ್ಲ? ಮರುದಿನ ನೋಡೀನಿ. ನಾಲ್ಕೇ. ತಿಂಗಳಗಟ್ಟಲೆ ನೋಡೀನಿ. ನಾಲ್ಕೇ. ನಂದು ಹೆಚ್ಚಾಗಲೇ ಇಲ್ರಿ. ಆಮ್ಯಾಲ ನೋಡೋದು ಬಿಟ್ಟೆ. ಅತ್ತಿ ಅಕ್ಕಿ ಅಳ್ಯಾಕ ಕುಂತ್ರ ನಾ ನೀರಿಗೆ ಹೋಗಿಬಿಡ್ತೀನಿ."

ನನಗೆ ಸಿಟ್ಟೇ ಬಂತು. ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನ ಉಂಡು, ಒಂದು ಮಾತು ಕೇಳಬಾರದೇ? "ಇವತ್ತೇ ಹೋಗಿ ಕೇಳು ನಿಮ್ಮ ಅತ್ತಿನ" ಎಂದೆ.

"ಕೇಳಿದ್ರ, ಹೌದು, ನಿಂದಲ್ಲ ಅಂದ್ರ? ಈಗ ಖರೇ ಗೊತ್ತಿಲ್ಲಂತ ಇದ್ದೀನಿ. ಗೊತ್ತಾದ್ರ ಎಲ್ಲಿಗೆ ಹೋಗ್ಲಿ ನಾ?" ಅವಳ ಕೈ ಸೆರಗಿನ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. "ಅಯ್ಯನವರು ಹೇಳ್ತಾರಲ್ರಿ, ದೇವರ ಪ್ರೀತಿ ಬದಲಾಗಂಗಿಲ್ಲಂತ. ಅದೇ ಅಂಜಿಕಿ ನನಗ. ಒಮ್ಮೆ ಎಣಿಕ್ಯಾಗಿಂದ ತಗದಿದ್ರ, ತಗದದ್ದೂ ಬದಲಾಗಂಗಿಲ್ಲಲ್ಲ. ಆ ರೊಟ್ಟಿಗೆ ಯಾವ ಮುಖದಿಂದ ಕೈ ಒಡ್ಡಲಿ?"

ಇಷ್ಟು ವರ್ಷ ಅಯ್ಯನವರ ಪ್ರಸಂಗ ಕೇಳಿದವಳು ನಾನು, ಬೈಬಲ್ ತರಗತಿ ನಡೆಸಿದವಳು. ಆ ಬಸ್ಸಿನಲ್ಲಿ ಅವಳ ಸೆರಗಿನ ಅಂಚು ಬಿಡಿಸಿ ಕೊಡುವುದಷ್ಟೇ ನನ್ನಿಂದ ಆದದ್ದು. ಅತ್ತೆಯ ಮುಂದೆ ಎತ್ತಬೇಡಿ, ನಿಮ್ಮ ಕಾಲು ಬೀಳ್ತೀನಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಕೊಟ್ಟೆ. ಕೊಡಬಾರದಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಎದ್ದು ಹೋಗಿ ಬೇರೆ ಸೀಟಿನಲ್ಲಿ ಕೂತಳು.

ಜಂಬಮ್ಮನ ವಿಷಯ ಹೇಳಬೇಕು. ಅವಳ ಬಾಯಲ್ಲಿ ಮಾತು ಬರುವುದು ಬೇಸಗೆಯಲ್ಲಿ ಕಾಲುವೆಯ ಕೊನೆಗೆ ನೀರು ಬಂದಷ್ಟೇ. ಕೋಪಿಷ್ಠೆ ಎಂದು ಊರೆಲ್ಲ ಹೆಸರು. ಅಡುಗೆ ಮನೆ ಮತ್ತು ಹಿಡಿ ಅಕ್ಕಿಯ ಗಡಿಗೆ ಎಪ್ಪತ್ತೆಂಟು ವಯಸ್ಸಾದರೂ ಅವಳ ಕೈಯಲ್ಲೇ ಇತ್ತು. ಕ್ರಿಸ್ಮಸ್ ಮುಗಿದ ವಾರ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಈ ವಯಸ್ಸಿಗೆ ಆಪರೇಷನ್ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಸಿಂಧನೂರಿನ ಡಾಕ್ಟರು ಕಳಿಸಿದರು. ಒಳಕೋಣೆಯ ಮಂಚದಲ್ಲಿ ಮಲಗಿದಳು. ಗಡಿಗೆ ಸೊಸೆಯ ಕೈಗೆ ಬಂತು.

ಫೆಬ್ರವರಿಯ ಮೊದಲ ಶನಿವಾರ ಸಂಜೆ ನಾನು ನೋಡಲು ಹೋದೆ. ಜಂಬಮ್ಮ ಸೊರಗಿ ಹೋಗಿದ್ದಳು. ಒಳಕೋಣೆಯ ಮಂಚವನ್ನು ಅಂದೇ ಅಡುಗೆ ಮನೆಯ ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡಿದ್ದಳು. ನನ್ನ ಕೈ ಹಿಡಿದು, "ನಾಳಿ ನನ್ನ ಗುಡಿಗೆ ಒಯ್ಯಾಕ ಹೇಳೀನ್ರಿ. ಅಮೀನ್‌ಸಾಬ ಆಟೋ ತರ್ತಾನ. ಆದಿ ನನ್ನ ಬಾಜೂಕ ಕುಂತು ರೊಟ್ಟಿ ತಗೋಬೇಕು. ಮುಂದಿನ ತಿಂಗಳಿಗೆ ನಾ ಇರ್ತೀನೋ ಇಲ್ಲೋ" ಎಂದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ನಾನು ಹಿಂದೆ ಕೇಳಿರಲಿಲ್ಲ.

ಒಳಗಿನಿಂದ ಆದಮ್ಮ, "ಅನ್ನ ಯಾರು ನೋಡ್ತಾರ?" ಎಂದಳು.

ಆದಮ್ಮ ಮೊರದಲ್ಲಿ ಅಕ್ಕಿ ತಂದು ಒಲೆಯ ಮುಂದೆ ಇಟ್ಟಳು. ಒಂದು ಹಿಡಿ ತೆಗೆದು ಗಡಿಗೆಗೆ ಹಾಕಿದಳು, ಇನ್ನೊಂದು, ಮತ್ತೊಂದು. ಕೈ ಝಾಡಿಸಿ ಏಳಲು ಹೊರಟಳು.

"ಯಾಕ, ಮೂರೇ ಹಾಕಿದಿ?" ಜಂಬಮ್ಮ ಮಂಚದಿಂದಲೇ ಕೇಳಿದಳು.

"ಮೂರೇ ಅಲ್ಲೇನತ್ತಿ. ನೀ, ಅವರು, ಸುವಾರ್ತ."

"ನಾಲ್ಕು ಹಾಕಬೇಕು."

ಆದಮ್ಮನ ಮುಖ ಬೂದಿಯಾಯಿತು. ಇಪ್ಪತ್ತು ವರ್ಷ ಅತ್ತೆಯ ಎದುರು ದನಿ ಎತ್ತದವಳು ಅಂದು ಎತ್ತಿದಳು. "ನಾಲ್ಕನೇದು ನೀನೇ ಹಾಕ್ಕೊ. ನಿನ್ನ ಕೈಗೆ ಗಡಿಗಿ ತಂದು ಕೊಡ್ತೀನಿ. ನೋಡಿ ನೋಡಿ ಸಾಕಾಗೈತಿ ನನಗ. ಅಕಿ ಹಿಡಿ ನನ್ನ ಕೈಲೆ ಹಾಕಸಬ್ಯಾಡ."

"ಯಾರಕಿ?"

"ಸಾಲಗುಂದದಾಕಿ."

ಜಂಬಮ್ಮ ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಸೊಸೆಯನ್ನು ನೋಡಿದಳು. "ಸಾಲಗುಂದದಾಗ ಯಾರೋ ಹೆಣ್ಣು ಐತಿ ಅಂದಿದ್ರು. ಅಕಿ ಹೆಸರು ಸೈತ ನಾ ಕೇಳಿಲ್ಲ. ನನ್ನ ಮಗಗ ಹೇಣ್ತಿ ಅದಾಳ ಅಂತ ಹೇಳಿ ಕಳಿಸೀನಿ."

"ಹಂಗಾರ ಯಾರದು ಅದು?"

"ನಿಂದು."

"ನಂದಾಗಿದ್ರ ನಾ ಬಂದ ಮ್ಯಾಲ ಐದು ಯಾಕ ಆಗಲಿಲ್ಲ?"

"ಎಣಸಾಕ ಬರಂಗಿಲ್ಲೇನ ನಿಂಗ? ನಿನ್ನ ಎಂದು ಕಡಿಮಿ ಮಾಡಿದ್ದೆ, ಹೆಚ್ಚು ಮಾಡಾಕ?"

ಜಂಬಮ್ಮನಿಗೆ ಮಾತು ಮುಗಿದಿರಲಿಲ್ಲ. "ಪ್ರೀತಿಲೆ ಹಾಕೀನಿ ಅಂತ ತಿಳೀಬ್ಯಾಡ. ಬೆಂಕಿಯಂಥಾ ಸಿಟ್ಟಿತ್ತು ನನಗ. ಕೂಸು ನಿನ್ನ ಹೆಸರು ಹಿಡದು ಅಳ್ತಿತ್ತು. ಎಷ್ಟೋ ಸಲ ಬೈಕೋತ ಹಾಕೀನಿ. ಆದ್ರ ಒಂದು ದಿನ ಬಿಟ್ಟಿಲ್ಲ. ನನ್ನಂಥಾ ಸಿಟ್ಟಿನಾಕಿಗೆ ನಿನ್ನ ಬಿಡಾಕ ಆಗಲಿಲ್ಲ. ದೇವರಿಗೆ ಆಗ್ತದೇನ?"

ಆದಮ್ಮ ಅಳುತ್ತಾಳೆ ಎಂದು ನಾನು ಕಾದೆ. ಅಳಲಿಲ್ಲ. ಎದ್ದು ಹಿತ್ತಲಿಗೆ ಹೋದಳು. ಕೊಡ ತುಂಬಿಸಿದಳು, ತುಂಬಿದ ಕೊಡ ಚೆಲ್ಲಿ ಮತ್ತೆ ತುಂಬಿಸಿದಳು. ಗುಡಿಸಿದ ಅಂಗಳ ಮತ್ತೆ ಗುಡಿಸಿದಳು. ಒಂದು ಸಲ ಬಾಗಿಲ ತನಕ ಬಂದು, ಅಕ್ಕಿಯ ಮೊರವನ್ನು ನೋಡಿ, ಹೊಸ್ತಿಲು ದಾಟದೆ ತಿರುಗಿ ಹೋದಳು. ನಾನೇ ಆ ಹಿಡಿ ಹಾಕಿಬಿಡೋಣವೆಂದು ಕೈ ಚಾಚಿದೆ. "ಬ್ಯಾಡ್ರಿ. ಅಕಿನೇ ಹಾಕ್ಲಿ" ಎಂದಳು ಜಂಬಮ್ಮ. ನನಗೆ ಮನೆಗೆ ಹೊತ್ತಾಗಿತ್ತು. ಆ ಅಕ್ಕಿ ಹಾಗೇ ಇರುವುದನ್ನು ನೋಡಿಯೇ ಹೊರಟು ಬಂದೆ. ರಾತ್ರಿಯೆಲ್ಲ ನನಗೂ ಸರಿಯಾಗಿ ನಿದ್ದೆ ಇಲ್ಲ.

ಭಾನುವಾರ ನಾನು ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗೆ ಒಲೆ ಹತ್ತಿತ್ತು. ಆದಮ್ಮ ಎಂದಿನಂತೆ ಓಡಾಡುತ್ತಿದ್ದಳು. ನನ್ನ ಮುಖ ನೋಡಲಿಲ್ಲ. ಲಿಂಗಸುಗೂರಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಸುವಾರ್ತ ನನ್ನ ಕಿವಿಯಲ್ಲಿ, "ಅವ್ವ ನಿನ್ನೆಯಿಂದ ಒಂದು ಮಾತೂ ಆಡಿಲ್ಲಂತ್ರಿ" ಎಂದಳು. ದಾನಿಯೇಲಪ್ಪ ಮತ್ತು ಅಮೀನ್‌ಸಾಬ್ ಸೇರಿ ಜಂಬಮ್ಮನನ್ನು ಆಟೋದಿಂದ ಎತ್ತಿ ತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟರು. ಕುರ್ಚಿಯ ಪಕ್ಕ ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿತ್ತು. ಅಲ್ಲಿ ಕೂರಲು ಬಂದ ಒಬ್ಬ ಹೆಂಗಸನ್ನು ಜಂಬಮ್ಮ ಕಣ್ಣಿನಲ್ಲೇ ಓಡಿಸಿದಳು.

ಆದಮ್ಮ ಬಂದು ಕೂತದ್ದು ಬಾಗಿಲ ಹತ್ತಿರವೇ, ಎಂದಿನ ಅಂಚಿನಲ್ಲಿ.

ಅಂದಿನ ಪ್ರಸಂಗ ಏನು ಎಂದು ಕೇಳಿದರೆ ನಾನು ಹೇಳಲಾರೆ. ನನ್ನ ಕಣ್ಣೆಲ್ಲ ಹಿಂದೆಯೇ ಇತ್ತು. ಹಾಡು ಮುಗಿಯಿತು. ಅಯ್ಯನವರು ಎದ್ದರು, ಬಿಳಿ ವಸ್ತ್ರ ಎತ್ತಿ ಮಡಿಸಿದರು. ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ಆದಮ್ಮ ಎದ್ದಿದ್ದಳು. "ಅನ್ನ ಸೀದೀತು" ಎಂದ ದನಿಯೂ ಕೇಳಿತು. ಇವಳಿಗೆ ಇನ್ನು ಯಾರು ಬಂದು ಹೇಳಬೇಕು ಎಂದು ನನಗೆ ಸಿಟ್ಟು ಬಂತು. ಒಂದು ಕಾಲು ಹೊಸ್ತಿಲ ಹೊರಗೆ ಇಟ್ಟು ಅಲ್ಲೇ ನಿಂತಳು. ಎಲ್ಲರೂ ತಿರುಗಿ ನೋಡಿದೆವು. ಜಂಬಮ್ಮ ಒಬ್ಬಳು ತಿರುಗಲಿಲ್ಲ. ಮುಂದೆ ನೋಡುತ್ತಲೇ ಇದ್ದಳು, ಪಕ್ಕದ ಜಾಗದ ಮೇಲೆ ಅವಳ ಕೈ ಹಾಗೇ ಇಳಿಬಿದ್ದಿತ್ತು.

ಅಯ್ಯನವರು ರೊಟ್ಟಿ ಮುರಿದರು. ಹೊಸ್ತಿಲ ಹೊರಗಿದ್ದ ಕಾಲು ಒಳಗೆ ಬಂತು. ಆದಮ್ಮ ಚಾಪೆಗಳ ನಡುವೆ, ಜನರ ಮೊಣಕಾಲು ದಾಟುತ್ತ, ಯಾರನ್ನೂ ನೋಡದೆ ನಡೆದು ಬಂದು ಅತ್ತೆಯ ಪಕ್ಕ ಮೊಣಕಾಲೂರಿದಳು. ಕೈಗೆ ಮಸಿ ಇತ್ತು. ಸೆರಗಿಗೆ ಒರೆಸಿದಳು, ಹೋಗಲಿಲ್ಲ. ಆ ಮಸಿಯ ಕೈಯನ್ನೇ ಒಡ್ಡಿದಳು. ಅಯ್ಯನವರು ಒಂದು ಚೂರು ರೊಟ್ಟಿ ಇಟ್ಟರು.

ಆಗ ವಾಸನೆ ಬಂತು. ಮೊದಲು ಸ್ವಲ್ಪ, ಆಮೇಲೆ ಧಾರಾಳವಾಗಿ. ಅನ್ನ ಸೀಯುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಅಮೀನ್‌ಸಾಬ್ ಆಟೋದಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದನೆಂದು ಆಮೇಲೆ ತಿಳಿಯಿತು. ಒಳಗಿದ್ದ ಒಬ್ಬರೂ ಏಳಲಿಲ್ಲ. ಆದಮ್ಮನ ಮೂಗಿಗೆ ಅದು ಎಲ್ಲರಿಗಿಂತ ಮೊದಲೇ ಬಡಿದಿರಬೇಕು. ಬಟ್ಟಲು ಬಂತು, ಕುಡಿದಳು. ಆಶೀರ್ವಾದದ ಆಮೆನ್ ಆಗುವ ತನಕ ಮೊಣಕಾಲ ಮೇಲೆಯೇ ಇದ್ದಳು.

ಪಾತ್ರೆಯ ಅನ್ನ ಅರ್ಧಕ್ಕರ್ಧ ಕರಿಯಾಗಿತ್ತು. ಮರದ ಕೆಳಗೆ ಸಾಲಾಗಿ ಕೂತೆವು. ಆದಮ್ಮ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಡಿಸುತ್ತ ಬಂದಳು. "ಅನ್ನ ಸೀದೈತ್ರಿ" ಎಂದು ಅಯ್ಯನವರಿಗೆ ಹೇಳಿದಳು. "ಅನ್ನ ಸೀದೈತ್ರಿ" ಎಂದು ಪಕ್ಕದವರಿಗೆ ಹೇಳಿದಳು. ಮದುವೆಯ ಸುದ್ದಿ ಹೇಳಿದ ಹಾಗೆ ಒಬ್ಬೊಬ್ಬರಿಗೂ ಹೇಳುತ್ತ ಬಂದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಜಂಬಮ್ಮ ತನ್ನ ಎಲೆ ತೋರಿಸಿ, "ತಳದ್ದು ಹಾಕು ನನಗ" ಎಂದಳು. ಸೀದ ಅನ್ನ ನನಗೆ ಆಗುವುದಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಎಲ್ಲರಿಗೂ ಬಡಿಸಿದ ಮೇಲೆ ಆದಮ್ಮ ಅತ್ತೆಯ ಕುರ್ಚಿಯ ಪಕ್ಕ ಒಂದು ಎಲೆ ಹಾಕಿಕೊಂಡು ಕೂತಳು. ನಿಧಾನವಾಗಿ ಉಂಡಳು. ಊಟ ಮುಗಿದು ಎಲ್ಲರೂ ಎದ್ದ ಮೇಲೂ ಕುರ್ಚಿಯ ಕಾಲಿಗೆ ಒರಗಿ ಕೂತೇ ಇದ್ದಳು. ಆ ಪಾತ್ರೆಯ ತಳ ತಿಕ್ಕಿದವಳು ನಾನು.